ಡೋಪಮೈನ್ ಚಿತ್ರದ ಹಿಂದಿರುವ ಸೀಸದ ಕಥೆ: ಜಾರ್ಜ್ ಡಿ ಹೆವೆಶಿ ಅವರ ಬದುಕು

ಮೊಬೈಲ್ ತೆರೆದರೆ ಸಾಕು, ಡೋಪಮೈನ್ ಬಗ್ಗೆ ಏನಾದರೊಂದು ಕಣ್ಣಿಗೆ ಬೀಳುತ್ತದೆ. ಅದರ ಜೊತೆಗೆ ಅನೇಕ ಸಲ ಎರಡು ಚಿತ್ರಗಳಿರುತ್ತವೆ. ಒಂದರಲ್ಲಿ ಮಿದುಳಿನ ನಡುಭಾಗ ಕೆಂಪು, ಹಳದಿ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಇನ್ನೊಂದರಲ್ಲಿ ಅದೇ ಜಾಗ ಮಂಕಾಗಿರುತ್ತದೆ. ಮೊದಲನೆಯದು ಆರೋಗ್ಯವಂತರದು, ಎರಡನೆಯದು ಚಟಕ್ಕೆ ಬಿದ್ದವರದು ಎಂಬ ಒಕ್ಕಣೆಯೂ ಇರುತ್ತದೆ. ಹೊಳಪು ಅಂದರೆ ಖುಷಿ, ಮಂಕು ಅಂದರೆ ಖುಷಿ ಬತ್ತಿಹೋದ ಮಿದುಳು ಎಂದು ನಾವು ಓದಿಕೊಂಡು ಮುಂದೆ ಹೋಗುತ್ತೇವೆ.

ಆದರೆ ಆ ಚಿತ್ರ ಖುಷಿಯ ಫೋಟೋ ಅಲ್ಲ. ಅದು ಡೋಪಮೈನ್‌ನ ಫೋಟೋ ಕೂಡ ಅಲ್ಲ. ಹಾಗಾದರೆ ಏನದು? ಉತ್ತರ ಹುಡುಕಲು ನಾವು ಒಬ್ಬ ರಸಾಯನ ವಿಜ್ಞಾನಿಯ ಬದುಕಿನ ಜೊತೆ ನಡೆಯಬೇಕು. ಅವರು ಪೆಟ್ ಸ್ಕ್ಯಾನರ್ ಎಂಬ ಯಂತ್ರವನ್ನು ಕಂಡವರಲ್ಲ. ಅದು ಬರುವ ಮೊದಲೇ ತೀರಿಕೊಂಡರು. ಆದರೆ ಆ ಯಂತ್ರ ಯಾವ ಉಪಾಯದ ಮೇಲೆ ನಿಂತಿದೆಯೋ ಆ ಉಪಾಯ ಅವರದು. ಅದು ಹುಟ್ಟಿದ್ದು ಎರಡು ವರ್ಷದ ಸೋಲಿನಿಂದ. ಅವರ ಹೆಸರು ಜಾರ್ಜ್ ಡಿ ಹೆವೆಶಿ.

ಬುಡಾಪೆಸ್ಟ್‌ನಿಂದ ಮ್ಯಾಂಚೆಸ್ಟರ್‌ಗೆ

ಹೆವೆಶಿ ಹುಟ್ಟಿದ್ದು 1885ರ ಆಗಸ್ಟ್ 1ರಂದು, ಬುಡಾಪೆಸ್ಟ್‌ನಲ್ಲಿ. ಅಂದು ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ದೊಡ್ಡ ನಗರಗಳಲ್ಲಿ ಒಂದು. ಮನೆತನ ಸಿರಿವಂತರದು. ಮೂಲತಃ ಯಹೂದಿಗಳಾಗಿದ್ದು ಕ್ಯಾಥೊಲಿಕ್ ಮತಕ್ಕೆ ಸೇರಿದ ಕುಟುಂಬ. ಎಂಟು ಮಕ್ಕಳಲ್ಲಿ ಇವರು ಐದನೆಯವರು. ಯಹೂದಿ ಮೂಲ ಎಂಬ ಸಂಗತಿ ಮುಂದೆ ಅವರನ್ನು ಊರಿಂದ ಊರಿಗೆ ಓಡಿಸಿತು. ಅದಕ್ಕೆ ಆಮೇಲೆ ಬರೋಣ.

ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದು ಮುಗಿಸಿ, ಬುಡಾಪೆಸ್ಟ್ ಮತ್ತು ಬರ್ಲಿನ್‌ನಲ್ಲಿ ಸ್ವಲ್ಪ ಕಾಲ ಕಲಿತು, ಕೊನೆಗೆ ಜರ್ಮನಿಯ ಫ್ರೈಬರ್ಗ್ ಸೇರಿದರು. 1908ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು. ನಂತರ ಜೂರಿಕ್, ಅಲ್ಲಿಂದ ಕಾರ್ಲ್ಸ್‌ರೂ ನಗರದಲ್ಲಿ ಫ್ರಿಟ್ಸ್ ಹಾಬರ್ ಅವರ ಪ್ರಯೋಗಾಲಯ. 1911ರ ಹೊತ್ತಿಗೆ ಅವರು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದರು. ಅಲ್ಲಿ ಅವರ ಗುರು ಅರ್ನೆಸ್ಟ್ ರುದರ್‌ಫೋರ್ಡ್. ಪರಮಾಣುವಿನ ನಡುವೆ ಪುಟ್ಟದೊಂದು ಬೀಜವಿದೆ ಎಂದು ರುದರ್‌ಫೋರ್ಡ್ ಜಗತ್ತಿಗೆ ತಿಳಿಸಿದ್ದು ಅದೇ 1911ರಲ್ಲಿ. ಮರುವರ್ಷ ಡೆನ್ಮಾರ್ಕಿನಿಂದ ನೀಲ್ಸ್ ಬೋರ್ ಎಂಬ ತರುಣ ಅಲ್ಲಿಗೆ ಬಂದರು. ಹೆವೆಶಿ ಮತ್ತು ಬೋರ್ ಗೆಳೆಯರಾದರು. ಆ ಗೆಳೆತನ ಜೀವನಪೂರ್ತಿ ಉಳಿಯಿತು.

ಬೇರ್ಪಡದ ಸೀಸ

ರುದರ್‌ಫೋರ್ಡ್ ಅವರಲ್ಲಿ ಸೀಸದ ಲವಣದ ದೊಡ್ಡ ರಾಶಿಯೊಂದಿತ್ತು. ರೇಡಿಯಂ ಸಿಗುವ ಅದಿರಿನಿಂದ ಬಂದ ಸೀಸ ಅದು. ಅದರೊಳಗೆ ರೇಡಿಯಂ-ಡಿ ಎಂಬ ವಿಕಿರಣ ಸೂಸುವ ವಸ್ತು ಬೆರೆತಿತ್ತು. ಆ ವಸ್ತು ಶುದ್ಧವಾಗಿ ಸಿಕ್ಕರೆ ಪ್ರಯೋಗಗಳಿಗೆ ಬಹಳ ಉಪಯೋಗ. ಸೀಸದ ರಾಶಿಯಲ್ಲಿ ಹೂತಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಹೊಸದಾಗಿ ಬಂದ ರಸಾಯನ ವಿಜ್ಞಾನಿಗೆ ರುದರ್‌ಫೋರ್ಡ್ ಇದೇ ಕೆಲಸ ವಹಿಸಿದರು. ಸೀಸವನ್ನು ತೆಗೆದು ರೇಡಿಯಂ-ಡಿಯನ್ನು ಬೇರೆ ಮಾಡಿ ಕೊಡಬೇಕಿತ್ತು.

ಹೆವೆಶಿ ಕರಗಿಸಿದರು, ಸೋಸಿದರು, ಹರಳುಗಟ್ಟಿಸಿದರು. ಗೊತ್ತಿದ್ದ ವಿಧಾನಗಳನ್ನೆಲ್ಲ ಪ್ರಯೋಗಿಸಿದರು. ಸುಮಾರು ಎರಡು ವರ್ಷ ಹೀಗೇ ಕಳೆಯಿತು. ಪ್ರತಿ ಸಲವೂ ರೇಡಿಯಂ-ಡಿ ಸೀಸದ ಜೊತೆಯೇ ಹೋಗುತ್ತಿತ್ತು, ಸೀಸದ ಜೊತೆಯೇ ಬರುತ್ತಿತ್ತು.

ಯಾಕೆ ಎಂಬುದು ಇಂದು ನಮಗೆ ಗೊತ್ತು. ರೇಡಿಯಂ-ಡಿ ಬೇರೆ ಧಾತುವೇ ಅಲ್ಲ. ಅದೂ ಸೀಸವೇ. ಸೀಸದ ಪರಮಾಣುಗಳಲ್ಲಿ ತೂಕ ಬೇರೆ ಬೇರೆ ಇರುವ ಬಗೆಗಳಿವೆ. ಇವನ್ನು ಐಸೋಟೋಪ್‌ಗಳು ಅಥವಾ ಸಮಸ್ಥಾನಿಗಳು ಎನ್ನುತ್ತೇವೆ. ರೇಡಿಯಂ-ಡಿ ಎಂದರೆ ಸೀಸ-210. ರಾಸಾಯನಿಕ ಕ್ರಿಯೆಯಲ್ಲಿ ಅದು ಸಾಮಾನ್ಯ ಸೀಸದ ಹಾಗೆಯೇ ವರ್ತಿಸುತ್ತದೆ. ಆದ್ದರಿಂದ ರಾಸಾಯನಿಕ ವಿಧಾನದಿಂದ ಇವೆರಡನ್ನು ಬಿಡಿಸಲು ಆಗುವುದಿಲ್ಲ. ಐಸೋಟೋಪ್ ಎಂಬ ಹೆಸರನ್ನು ಫ್ರೆಡರಿಕ್ ಸಾಡಿ ಕೊಟ್ಟದ್ದು 1913ರಲ್ಲಿ. ಹೆವೆಶಿ ಕೆಲಸ ಶುರುಮಾಡಿದಾಗ ಈ ಪದವೇ ಇರಲಿಲ್ಲ.

ಎರಡು ವರ್ಷ ದುಡಿದು ಬರಿಗೈಯಲ್ಲಿ ನಿಂತವರು ಸಾಮಾನ್ಯವಾಗಿ ಬೇರೆ ವಿಷಯಕ್ಕೆ ಹೋಗುತ್ತಾರೆ. ಹೆವೆಶಿ ಪ್ರಶ್ನೆಯನ್ನೇ ತಿರುಗಿಸಿ ನೋಡಿದರು. ಇವೆರಡೂ ಬೇರೆಯಾಗುವುದೇ ಇಲ್ಲ ಎಂದಾದರೆ, ರೇಡಿಯಂ-ಡಿ ಎಲ್ಲಿದೆಯೋ ಸೀಸವೂ ಅಲ್ಲೇ ಇರಬೇಕು. ರೇಡಿಯಂ-ಡಿ ವಿಕಿರಣ ಸೂಸುವುದರಿಂದ ಅದು ಎಲ್ಲಿದೆ, ಎಷ್ಟಿದೆ ಎಂದು ಉಪಕರಣದಿಂದ ತಿಳಿಯಬಹುದು. ಹಾಗಾದರೆ ಕಣ್ಣಿಗೂ ತಕ್ಕಡಿಗೂ ಸಿಗದಷ್ಟು ಸೀಸ ಎಲ್ಲಿ ಹೋಯಿತು ಎಂಬುದನ್ನೂ ತಿಳಿಯಬಹುದು!

ಮಲೆನಾಡಿನಲ್ಲಿ ದನಗಳನ್ನು ಕಾಡಿಗೆ ಬಿಡುವವರು ಹಿಂಡಿನ ಒಂದು ಹಸುವಿನ ಕೊರಳಿಗೆ ಗಂಟೆ ಕಟ್ಟುತ್ತಾರೆ. ಹಿಂಡು ಕಾಣದಿದ್ದರೂ ಗಂಟೆ ಕೇಳಿಸಿದ ಕಡೆ ಹಿಂಡು ಇದೆ ಎಂದು ಗೊತ್ತಾಗುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ಗಂಟೆ ಕಟ್ಟಿದ ಹಸು ಉಳಿದವುಗಳ ಜೊತೆಯಲ್ಲೇ ಮೇಯಬೇಕು. ಗಂಟೆ ಹಸುವಿನ ನಡಿಗೆಗೆ ತೊಡಕಾಗುವಷ್ಟು ಭಾರ ಇರಬಾರದು. ಹೆವೆಶಿ ಅವರ ಉಪಾಯಕ್ಕೂ ಇವೇ ಎರಡು ಷರತ್ತು. ಗುರುತು ಹಾಕಿದ ಪರಮಾಣು ಗುರುತಿಲ್ಲದ ಪರಮಾಣುವಿನಂತೆಯೇ ನಡೆದುಕೊಳ್ಳಬೇಕು, ಮತ್ತು ಅದರ ಪ್ರಮಾಣ ಎಷ್ಟು ಕಡಿಮೆ ಇರಬೇಕೆಂದರೆ ನಾವು ಅಳೆಯುತ್ತಿರುವ ವ್ಯವಸ್ಥೆಗೆ ಅದು ಬಂದದ್ದೇ ತಿಳಿಯಬಾರದು. ಇಂಥ ಗುರುತಿನ ವಸ್ತುವನ್ನು ಟ್ರೇಸರ್ ಎನ್ನುತ್ತಾರೆ. ನಾವಿಲ್ಲಿ ಜಾಡುಕಣ ಎಂದು ಕರೆಯೋಣ.

ವಿಯೆನ್ನಾದ ರೇಡಿಯಂ ಸಂಸ್ಥೆಯಲ್ಲಿ ಫ್ರೀಡ್ರಿಕ್ ಪಾನೆತ್ ಎಂಬ ವಿಜ್ಞಾನಿಯೂ ಇದೇ ಬೇರ್ಪಡಿಸುವ ಕೆಲಸದಲ್ಲಿ ಸೋತಿದ್ದರು. ಸೋತ ಇಬ್ಬರೂ 1913ರಲ್ಲಿ ಕೈಜೋಡಿಸಿದರು. ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದಾದ ಸೀಸದ ಕ್ರೋಮೇಟ್ ಮತ್ತು ಸಲ್ಫೈಡ್‌ಗಳು ನಿಜವಾಗಿ ಎಷ್ಟು ಕರಗುತ್ತವೆ ಎಂದು ಅಳೆದು ತೋರಿಸಿದರು. ಜಾಡುಕಣದ ವಿಧಾನ ಹುಟ್ಟಿದ್ದು ಹೀಗೆ.

ಉಳಿದ ಮಾಂಸದ ಕಥೆ

ಮ್ಯಾಂಚೆಸ್ಟರ್ ದಿನಗಳ ಒಂದು ಪ್ರಸಂಗವನ್ನು ಹೆವೆಶಿ ಮುಂದೆ ತಾವೇ ಹೇಳಿಕೊಳ್ಳುತ್ತಿದ್ದರು. ಅವರು ಊಟ-ವಸತಿಯ ಮನೆಯೊಂದರಲ್ಲಿ ಇದ್ದರು. ಮನೆಯೊಡತಿ ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಮುಂದಿನ ದಿನಗಳ ಅಡುಗೆಗೆ ಹಾಕುತ್ತಿದ್ದಾರೆ ಎಂಬ ಅನುಮಾನ ಅವರಿಗೆ ಬಂತು. ಕೇಳಿದರೆ ಆಕೆ ಒಪ್ಪಲಿಲ್ಲ. ಒಂದು ದಿನ ಹೆವೆಶಿ ತಾವು ಬಿಟ್ಟ ತುಂಡಿನ ಮೇಲೆ ಚೂರೇ ಚೂರು ವಿಕಿರಣ ವಸ್ತು ಉದುರಿಸಿದರು. ಕೆಲವು ದಿನಗಳ ನಂತರ ಬಡಿಸಿದ ಅಡುಗೆಯ ಹತ್ತಿರ ಉಪಕರಣ ಹಿಡಿದರೆ ವಿಕಿರಣ ಕಾಣಿಸಿತು. ವಾದ ಮುಗಿಯಿತು.

ಕೇಳಲು ತಮಾಷೆಯ ಕಥೆ. ಇಂದು ಯಾರಾದರೂ ಊಟಕ್ಕೆ ವಿಕಿರಣ ವಸ್ತು ಬೆರೆಸಿದರೆ ಅದು ಅಪರಾಧ. ಅಂದು ವಿಕಿರಣದ ಕೆಡುಕು ಜನರಿಗೆ ಸರಿಯಾಗಿ ತಿಳಿದಿರಲಿಲ್ಲ. ಆದರೂ ಈ ಕಥೆಯಲ್ಲಿ ಒಂದು ಪಾಠವಿದೆ. ಉಪಕರಣ ತೋರಿಸಿದ್ದು ಮಾಂಸವನ್ನಲ್ಲ, ಮಾಂಸದ ಮೇಲೆ ಹಾಕಿದ ಗುರುತನ್ನು. ಆ ಗುರುತು ಎಲ್ಲಿಂದ ಬಂತು ಎಂದು ಗೊತ್ತಿದ್ದವರಿಗೆ ಮಾತ್ರ ಅದರ ಅರ್ಥ ಹೊಳೆಯುತ್ತದೆ. ಡೋಪಮೈನ್ ಚಿತ್ರ ಓದುವಾಗಲೂ ಇದೇ ನೆನಪಿರಬೇಕು.

ಗಿಡದೊಳಗೆ, ದೇಹದೊಳಗೆ

ಮೊದಲ ಮಹಾಯುದ್ಧ ಮುಗಿದ ಮೇಲೆ ಹಂಗೆರಿಯ ರಾಜಕೀಯ ಏರುಪೇರಿನಲ್ಲಿ ಬುಡಾಪೆಸ್ಟ್ ವಿಶ್ವವಿದ್ಯಾಲಯದ ಕೆಲಸ ಕೈತಪ್ಪಿತು. 1920ರಲ್ಲಿ ಹೆವೆಶಿ ಕೋಪನ್‌ಹೇಗನ್‌ನಲ್ಲಿದ್ದ ಗೆಳೆಯ ಬೋರ್ ಬಳಿಗೆ ಹೋದರು. ಅಲ್ಲಿ ಡಿರ್ಕ್ ಕೋಸ್ಟರ್ ಜೊತೆ ಸೇರಿ 72ನೇ ಧಾತುವನ್ನು ಕಂಡುಹಿಡಿದರು. ಜಿರ್ಕೋನಿಯಂ ಅದಿರಿನಲ್ಲಿ ಅಡಗಿದ್ದ ಆ ಧಾತುವಿಗೆ ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರಿನಿಂದ ಹಫ್ನಿಯಂ ಎಂದು ಹೆಸರಿಟ್ಟರು. ಈ ಸುದ್ದಿ 1923ರ ಆರಂಭದಲ್ಲಿ ಪ್ರಕಟವಾಯಿತು. ಫ್ರಾನ್ಸಿನ ವಿಜ್ಞಾನಿಯೊಬ್ಬರು ಇದು ತಮ್ಮದೇ ಶೋಧ ಎಂದು ಹಕ್ಕು ಸಾಧಿಸಿದ್ದರಿಂದ ಬಹಳ ದಿನ ಜಗಳವೂ ನಡೆಯಿತು.

ಅದೇ 1923ರಲ್ಲಿ ಹೆವೆಶಿ ಸದ್ದಿಲ್ಲದೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಬೀನ್ಸ್ ಜಾತಿಯ ಗಿಡಗಳ ಬೇರುಗಳನ್ನು ವಿಕಿರಣ ಸೂಸುವ ಸೀಸ ಬೆರೆತ ನೀರಿನಲ್ಲಿಟ್ಟರು. ನಂತರ ಬೇರು, ಕಾಂಡ, ಎಲೆಗಳಲ್ಲಿ ಎಷ್ಟೆಷ್ಟು ಸೀಸ ಸೇರಿದೆ ಎಂದು ಅಳೆದರು. ಹೆಚ್ಚಿನ ಪಾಲು ಬೇರಿನಲ್ಲೇ ನಿಂತಿತ್ತು, ಸ್ವಲ್ಪವೇ ಮೇಲೆ ಹೋಗಿತ್ತು. ಒಂದು ಜೀವಿಯೊಳಗೆ ಪರಮಾಣುಗಳ ಓಡಾಟವನ್ನು ವಿಕಿರಣದ ಗುರುತಿನಿಂದ ಹಿಂಬಾಲಿಸಿದ ಮೊದಲ ಪ್ರಯೋಗ ಇದು.

ಆದರೆ ಒಂದು ತೊಂದರೆಯಿತ್ತು. ಸೀಸ ಜೀವಿಗಳಿಗೆ ಬೇಕಾದದ್ದಲ್ಲ, ಅದು ವಿಷ. ದೇಹದ ಸ್ವಂತ ಕೆಲಸಗಳನ್ನು ತಿಳಿಯಬೇಕಾದರೆ ದೇಹದಲ್ಲಿರುವ ಧಾತುಗಳಿಗೇ ಗುರುತು ಹಾಕಬೇಕು. ಅಂಥ ಗುರುತುಗಳು ಅಂದು ಇರಲಿಲ್ಲ. ಹತ್ತು ವರ್ಷಗಳ ನಂತರ ಎರಡು ಬಾಗಿಲುಗಳು ತೆರೆದವು. ಅಮೆರಿಕದ ಹೆರಾಲ್ಡ್ ಯೂರಿ ಭಾರವಾದ ಹೈಡ್ರೋಜನ್ ಕಂಡುಹಿಡಿದಿದ್ದರಿಂದ ಭಾರಜಲ ಸಿಗುವಂತಾಯಿತು. 1934ರಲ್ಲಿ ಐರೀನ್ ಮತ್ತು ಫ್ರೆಡರಿಕ್ ಜೋಲಿಯೋ-ಕ್ಯೂರಿ ದಂಪತಿ ಸಾಮಾನ್ಯ ಧಾತುಗಳಿಂದಲೂ ವಿಕಿರಣ ಸೂಸುವ ಬಗೆಗಳನ್ನು ಕೃತಕವಾಗಿ ತಯಾರಿಸಬಹುದು ಎಂದು ತೋರಿಸಿದರು.

ಹೆವೆಶಿ 1926ರಿಂದ ಫ್ರೈಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿ ಮೂಲದವರು ಅಲ್ಲಿ ಉಳಿಯುವುದು ಕಷ್ಟವಾಯಿತು. 1934ರಲ್ಲಿ ಅವರು ಜರ್ಮನಿ ಬಿಟ್ಟು ಮತ್ತೆ ಕೋಪನ್‌ಹೇಗನ್‌ಗೆ ಬಂದರು. ಅದೇ ವರ್ಷ ಹೋಫರ್ ಎಂಬ ಸಹೋದ್ಯೋಗಿಯ ಜೊತೆ ಭಾರಜಲವನ್ನು ಜಾಡುಕಣವಾಗಿ ಬಳಸಿ, ನಾವು ಕುಡಿದ ನೀರು ಮೈಯಲ್ಲಿ ಎಷ್ಟು ದಿನ ಇರುತ್ತದೆ ಎಂದು ಲೆಕ್ಕ ಹಾಕಿದರು. ಮನುಷ್ಯನ ದೇಹದಲ್ಲಿರುವ ನೀರಿನಲ್ಲಿ ಅರ್ಧದಷ್ಟು ಸುಮಾರು ಒಂಬತ್ತು ದಿನಗಳಲ್ಲಿ ಬದಲಾಗಿರುತ್ತದೆ ಎಂದು ಗೊತ್ತಾಯಿತು.

1935ರಲ್ಲಿ ಬೋರ್ ಅವರಿಗೆ ಐವತ್ತು ತುಂಬಿತು. ಅಭಿಮಾನಿಗಳು ಹಣ ಕೂಡಿಸಿ ಅವರಿಗೆ 600 ಮಿಲಿಗ್ರಾಂ ರೇಡಿಯಂ ಉಡುಗೊರೆ ಕೊಟ್ಟರು. ಅದನ್ನು ಬೆರಿಲಿಯಂ ಜೊತೆ ಬೆರೆಸಿದರೆ ನ್ಯೂಟ್ರಾನ್‌ಗಳು ಹೊಮ್ಮುತ್ತವೆ. ಆ ನ್ಯೂಟ್ರಾನ್‌ಗಳು ಗಂಧಕವಿರುವ ದ್ರವಕ್ಕೆ ಬಿದ್ದರೆ ವಿಕಿರಣ ಸೂಸುವ ರಂಜಕ ಹುಟ್ಟುತ್ತದೆ. ರಂಜಕ ನಮ್ಮ ಮೂಳೆ, ರಕ್ತ, ನರ ಎಲ್ಲದರಲ್ಲೂ ಇರುವ ಧಾತು. ಹೆವೆಶಿ ಮತ್ತು ವೈದ್ಯ ಕೀವಿಟ್ಸ್ ಇದನ್ನು ಇಲಿಗಳಿಗೆ ಕೊಟ್ಟು ಜಾಡು ಹಿಡಿದರು.

ಬಂದ ಉತ್ತರ ಅಂದಿನ ತಿಳಿವಳಿಕೆಯನ್ನು ಅಲುಗಿಸಿತು. ಬೆಳೆದ ಪ್ರಾಣಿಯ ಮೂಳೆ ಕಟ್ಟಿ ಮುಗಿಸಿದ ಗೋಡೆಯಂತೆ ಎಂದು ಅನೇಕರು ಭಾವಿಸಿದ್ದರು. ಆದರೆ ಮೂಳೆಯಲ್ಲಿರುವ ರಂಜಕದ ಪರಮಾಣುಗಳು ಹೊರಗೆ ಹೋಗುತ್ತಲೇ ಇದ್ದವು, ಆಹಾರದಿಂದ ಹೊಸವು ಬಂದು ಕೂರುತ್ತಲೇ ಇದ್ದವು. ಒಂದು ರಂಜಕದ ಪರಮಾಣು ಇಲಿಯ ದೇಹದಲ್ಲಿ ಸರಾಸರಿ ಎರಡು ತಿಂಗಳು ಇರುತ್ತದೆ ಎಂದು ಅವರು ಲೆಕ್ಕ ಕೊಟ್ಟರು. 1937ರಲ್ಲಿ ಹಾನ್ ಎಂಬ ಸಹೋದ್ಯೋಗಿಯ ಜೊತೆ ಇದೇ ವಿಧಾನವನ್ನು ಮಿದುಳಿಗೂ ಒಡ್ಡಿದರು. ಬೆಳೆದ ಪ್ರಾಣಿಯ ಮಿದುಳಿನಲ್ಲಿಯೂ ರಂಜಕವಿರುವ ಕೊಬ್ಬುಗಳು ಹೊಸದಾಗಿ ತಯಾರಾಗುತ್ತಿರುತ್ತವೆ ಎಂದು ಕಂಡಿತು.

ನಾವು ಹೊರಗಿನಿಂದ ಹಾಗೇ ಇರುವಂತೆ ಕಂಡರೂ ಒಳಗೆ ಪರಮಾಣುಗಳು ಬದಲಾಗುತ್ತಿರುತ್ತವೆ. ಇದನ್ನು ತತ್ವವಾಗಿ ಹೇಳಿದವರು ಎಷ್ಟೋ ಮಂದಿ. ಅಳತೆ ಮಾಡಿ ತೋರಿಸಿದವರಲ್ಲಿ ಹೆವೆಶಿ ಮೊದಲಿಗರು.

ಕರಗಿದ ಚಿನ್ನ

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. ಬೋರ್ ಅವರ ಸಂಸ್ಥೆಯಲ್ಲಿ ಆಗ ಎರಡು ನೊಬೆಲ್ ಪದಕಗಳಿದ್ದವು. ಒಂದು ಮ್ಯಾಕ್ಸ್ ಫಾನ್ ಲಾವ ಅವರದು, ಇನ್ನೊಂದು ಜೇಮ್ಸ್ ಫ್ರಾಂಕ್ ಅವರದು. ನಾಜಿಗಳ ಕೈಗೆ ಸಿಗದಿರಲೆಂದು ಇಬ್ಬರೂ ಅವನ್ನು ಇಲ್ಲಿಗೆ ಕಳಿಸಿದ್ದರು. ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ಆಗ ಘೋರ ಅಪರಾಧ. ಪದಕದ ಮೇಲೆ ಹೆಸರು ಕೆತ್ತಿತ್ತು. ಸೈನಿಕರಿಗೆ ಸಿಕ್ಕರೆ ಲಾವ ಅವರ ಪ್ರಾಣಕ್ಕೇ ಅಪಾಯವಿತ್ತು.

ಹೂತಿಡೋಣವೇ ಎಂದು ಹೆವೆಶಿ ಕೇಳಿದರು. ಅಗೆದು ತೆಗೆದರೆ ಏನು ಮಾಡುವುದು ಎಂದು ಬೋರ್ ಬೇಡವೆಂದರು. ಹೆವೆಶಿ ರಸಾಯನ ವಿಜ್ಞಾನಿಯ ದಾರಿ ಹಿಡಿದರು. ಚಿನ್ನವನ್ನು ಕರಗಿಸಬಲ್ಲ ಆಕ್ವಾ ರೀಜಿಯಾ ಎಂಬ ಆಮ್ಲಗಳ ಮಿಶ್ರಣದಲ್ಲಿ ಎರಡೂ ಪದಕಗಳನ್ನು ಹಾಕಿದರು. ಬೀದಿಯಲ್ಲಿ ಸೇನೆ ನಡೆದು ಬರುತ್ತಿದ್ದಾಗ ಚಿನ್ನ ನಿಧಾನವಾಗಿ ಕರಗುತ್ತಿತ್ತು. ಆ ದ್ರವದ ಪಾತ್ರೆಯನ್ನು ಪ್ರಯೋಗಾಲಯದ ಕಪಾಟಿನಲ್ಲಿ ಇತರ ಶೀಶೆಗಳ ಜೊತೆ ಇಟ್ಟರು. ಸಂಸ್ಥೆಯನ್ನು ಶೋಧಿಸಿದವರು ಅದರ ಕಡೆ ನೋಡಲೂ ಇಲ್ಲ. ಯುದ್ಧ ಮುಗಿದ ಮೇಲೆ ದ್ರವದಿಂದ ಚಿನ್ನವನ್ನು ಮರಳಿ ಪಡೆದು ಸ್ವೀಡನ್ನಿಗೆ ಕಳಿಸಲಾಯಿತು. ನೊಬೆಲ್ ಪ್ರತಿಷ್ಠಾನ ಅದರಿಂದ ಮತ್ತೆ ಪದಕಗಳನ್ನು ಎರಕ ಹೊಯ್ದು ಕೊಟ್ಟಿತು.

1943ರಲ್ಲಿ ಡೆನ್ಮಾರ್ಕಿನ ಯಹೂದಿಗಳನ್ನು ಹಿಡಿಯಲು ನಾಜಿಗಳು ಹೊರಟಾಗ ಹೆವೆಶಿ ಸಮುದ್ರ ದಾಟಿ ಸ್ವೀಡನ್ ಸೇರಿದರು. ಆಗ ಅವರಿಗೆ 58 ವರ್ಷ. ಊರು ಬಿಟ್ಟು ಹೋಗುವುದು ಅವರಿಗೆ ಹೊಸದಾಗಿರಲಿಲ್ಲ. ಬುಡಾಪೆಸ್ಟ್ ಬಿಟ್ಟಿದ್ದರು, ಫ್ರೈಬರ್ಗ್ ಬಿಟ್ಟಿದ್ದರು, ಈಗ ಕೋಪನ್‌ಹೇಗನ್. 1943ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ, ಜಾಡುಕಣಗಳ ಕೆಲಸಕ್ಕಾಗಿ, ಒಂದು ವರ್ಷ ತಡವಾಗಿ 1944ರಲ್ಲಿ ಅವರಿಗೆ ಬಂತು. ಸ್ಟಾಕ್‌ಹೋಮ್‌ನಲ್ಲೇ ನೆಲೆಸಿ ರಕ್ತ, ಕ್ಯಾನ್ಸರ್ ಗೆಡ್ಡೆ ಮತ್ತು ಅವುಗಳ ಮೇಲೆ ವಿಕಿರಣದ ಪರಿಣಾಮಗಳ ಬಗ್ಗೆ ಕೆಲಸ ಮಾಡಿದರು. 1966ರ ಜುಲೈ 5ರಂದು ಫ್ರೈಬರ್ಗ್‌ನಲ್ಲಿ ತೀರಿಕೊಂಡರು. 2001ರಲ್ಲಿ ಅವರ ಅವಶೇಷಗಳನ್ನು ಹುಟ್ಟೂರು ಬುಡಾಪೆಸ್ಟ್‌ಗೆ ತರಲಾಯಿತು.

ಹೆವೆಶಿ ನಂತರ: ಜಾಡು ಮಿದುಳಿಗೆ ಬಂತು

ಹೆವೆಶಿ ಸ್ವೀಡನ್ನಿನಲ್ಲಿದ್ದ ಕಾಲದಲ್ಲೇ, ಅದೇ ದೇಶದ ಲುಂಡ್ ನಗರದಲ್ಲಿ ಆರ್ವಿಡ್ ಕಾರ್ಲ್‌ಸನ್ ಡೋಪಮೈನ್ ಮೇಲೆ ಕೆಲಸ ಮಾಡುತ್ತಿದ್ದರು. ಡೋಪಮೈನ್ ಮಿದುಳಿನಲ್ಲಿ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ ಎಂದು 1950ರ ದಶಕದ ಕೊನೆಯಲ್ಲಿ ಅವರು ತೋರಿಸಿದರು. ಅದು ಖುಷಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕೈಕಾಲು ಆಡಿಸಲು, ಗಮನ ಇಡಲು, ಕಲಿಯಲು ಎಲ್ಲಕ್ಕೂ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದು, ಮೈ ಬಿಗಿಯುವುದು ಡೋಪಮೈನ್ ಮಾಡುವ ನರಕೋಶಗಳು ನಾಶವಾಗುವುದರಿಂದ.

ಒಂದು ಕೋಶದಿಂದ ಹೊರಟ ಡೋಪಮೈನ್ ಇನ್ನೊಂದು ಕೋಶದ ಮೇಲಿರುವ ಗ್ರಾಹಕಗಳಿಗೆ ಹೋಗಿ ಕೂರುತ್ತದೆ. ಈ ಗ್ರಾಹಕಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕವು. ಬದುಕಿರುವ ಮನುಷ್ಯನ ತಲೆಬುರುಡೆಯೊಳಗೆ ಅವನ್ನು ನೋಡುವುದು ಹೇಗೆ? ಗುರುತು ಹಾಕಿದ ಕಣವೊಂದನ್ನು ಕಳಿಸಿ, ಅದು ಎಲ್ಲಿ ನಿಲ್ಲುತ್ತದೆ ಎಂದು ಹೊರಗಿನಿಂದ ಕೇಳಿಸಿಕೊಳ್ಳಬೇಕು. ಇದು ಹೆವೆಶಿ ಅವರ ಸೀಸದ ಉಪಾಯವೇ.

ಇಲ್ಲಿ ಗಂಟೆಯ ಕೆಲಸ ಮಾಡುವುದು ಕಾರ್ಬನ್-11 ಅಥವಾ ಫ್ಲೋರಿನ್-18. ಇವು ಪಾಸಿಟ್ರಾನ್ ಎಂಬ ಕಣ ಸೂಸುತ್ತವೆ. ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನ್‌ಗೆ ತಾಗಿದ ಕೂಡಲೇ ಎರಡೂ ಇಲ್ಲವಾಗಿ, ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣಗಳು ಹಾರುತ್ತವೆ. ತಲೆಯ ಸುತ್ತ ಬಳೆಯಂತಿರುವ ಸ್ಕ್ಯಾನರ್ ಇವೆರಡನ್ನೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಆ ಎರಡು ಬಿಂದುಗಳ ನಡುವೆ ಗೆರೆ ಎಳೆದರೆ ಕಣ ಆ ಗೆರೆಯ ಮೇಲೆ ಎಲ್ಲೋ ಇತ್ತು ಎಂದಾಯಿತು. ಇಂಥ ಲಕ್ಷಾಂತರ ಗೆರೆಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಇದೇ ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ, ಚಿಕ್ಕದಾಗಿ ಪೆಟ್. ಈ ಯಂತ್ರ ರೂಪುಗೊಂಡದ್ದು 1970ರ ದಶಕದಲ್ಲಿ.

1983ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೆನ್ರಿ ವ್ಯಾಗ್ನರ್ ಮತ್ತು ಸಂಗಡಿಗರು ಡೋಪಮೈನ್ ಗ್ರಾಹಕಕ್ಕೆ ಅಂಟುವ ಔಷಧಿಯಂಥ ಒಂದು ಅಣುವಿಗೆ ಕಾರ್ಬನ್-11ರ ಗುರುತು ಹಾಕಿದರು. ಅದನ್ನು ಚುಚ್ಚಿಸಿಕೊಂಡು ಸ್ಕ್ಯಾನರ್‌ನಲ್ಲಿ ಮಲಗಿದವರು ಸ್ವತಃ ವ್ಯಾಗ್ನರ್. ಬದುಕಿರುವ ಮನುಷ್ಯನ ಡೋಪಮೈನ್ ಗ್ರಾಹಕಗಳು ಚಿತ್ರದಲ್ಲಿ ಮೊದಲ ಸಲ ಮೂಡಿದವು.

ಹೊಳಪಿನ ಅರ್ಥವೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚಿತ್ರದಲ್ಲಿ ಹೊಳೆಯುವುದು ಏನು?

ರ‍್ಯಾಕ್ಲೋಪ್ರೈಡ್ ಎಂಬ ಜಾಡುಕಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಡೋಪಮೈನ್‌ನ ಡಿ2 ಗುಂಪಿನ ಗ್ರಾಹಕಗಳಿಗೆ ಅಂಟುತ್ತದೆ. ಗ್ರಾಹಕಗಳನ್ನು ಬಸ್ಸಿನ ಸೀಟುಗಳೆಂದು ತಿಳಿಯಿರಿ. ಕೆಲವು ಸೀಟುಗಳಲ್ಲಿ ಡೋಪಮೈನ್ ಆಗಲೇ ಕೂತಿದೆ. ಗುರುತಿನ ಅಂಗಿ ತೊಟ್ಟ ನಮ್ಮ ಪ್ರಯಾಣಿಕರು ಖಾಲಿ ಸೀಟು ಸಿಕ್ಕಲ್ಲಿ ಮಾತ್ರ ಕೂರಬಲ್ಲರು. ಸ್ಕ್ಯಾನರ್‌ಗೆ ಕಾಣುವುದು ಅಂಗಿ ತೊಟ್ಟವರು ಮಾತ್ರ.

ಡೋಪಮೈನ್ ಹೆಚ್ಚಾದರೆ ಏನಾಗುತ್ತದೆ? ಹೆಚ್ಚು ಸೀಟುಗಳು ತುಂಬುತ್ತವೆ, ಜಾಡುಕಣಕ್ಕೆ ಜಾಗ ಕಡಿಮೆಯಾಗುತ್ತದೆ, ಚಿತ್ರ ಮಂಕಾಗುತ್ತದೆ. ಅಂದರೆ ಇಂಥ ಚಿತ್ರದಲ್ಲಿ ಮಂಕು ಎಂದರೆ ಡೋಪಮೈನ್ ಹೆಚ್ಚಾಗಿದೆ ಎಂದೂ ಆಗಬಹುದು, ಸೀಟುಗಳೇ ಕಡಿಮೆ ಇವೆ ಎಂದೂ ಆಗಬಹುದು. ಬರೀ ಚಿತ್ರ ನೋಡಿ ಯಾವುದು ಎಂದು ಹೇಳಲು ಆಗುವುದಿಲ್ಲ. 1998ರಲ್ಲಿ ಲಂಡನ್ನಿನ ಸಂಶೋಧಕರು ಎಂಟು ಜನರನ್ನು ವಿಡಿಯೋ ಗೇಮ್ ಆಡಿಸಿ ಪೆಟ್ ಸ್ಕ್ಯಾನ್ ಮಾಡಿದರು. ಆಟದ ಹೊತ್ತಿನಲ್ಲಿ ರ‍್ಯಾಕ್ಲೋಪ್ರೈಡ್ ಅಂಟುವುದು ಕಡಿಮೆಯಾಯಿತು. ಡೋಪಮೈನ್ ಬಿಡುಗಡೆ ಹೆಚ್ಚಿತು ಎಂದು ಅವರು ತೀರ್ಮಾನಿಸಿದ್ದು ಇದರಿಂದಲೇ.

ಬಣ್ಣಗಳೂ ಮಿದುಳಿನವಲ್ಲ. ಅಂಕಿಗಳಿಗೆ ಕಂಪ್ಯೂಟರಿನಲ್ಲಿ ನಾವು ಹಚ್ಚಿದ ಬಣ್ಣ ಅದು. ಯಾವ ಅಂಕಿಗೆ ಕೆಂಪು ಎಂದು ಬದಲಿಸಿದರೆ ಅದೇ ಮಿದುಳು ಬೇರೆಯಾಗಿ ಕಾಣುತ್ತದೆ. ಸಂಶೋಧನೆಗಳಲ್ಲಿ ಎರಡು ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಸಿಗಬಹುದು. ಆದರೆ ಒಬ್ಬೊಬ್ಬರ ಅಂಕಿಗಳನ್ನು ನೋಡಿದರೆ ಎರಡು ಗುಂಪುಗಳೂ ಒಂದರೊಳಗೊಂದು ಬೆರೆತಿರುತ್ತವೆ. ಹಾಗಾಗಿ ಗ್ರಾಹಕಗಳ ಚಿತ್ರ ನೋಡಿ ಈ ವ್ಯಕ್ತಿ ಚಟಗಾರ, ಈ ವ್ಯಕ್ತಿ ಸೋಮಾರಿ ಎಂದು ಹೇಳುವವರನ್ನು ನಂಬಬೇಡಿ. ಡೋಪಮೈನ್ ಡಿಟಾಕ್ಸ್ ಎಂಬ ಹೆಸರಿನಲ್ಲಿ ಮೈಯಿಂದ ಡೋಪಮೈನ್ ತೊಳೆದು ಹಾಕುವ ಮಾತಿಗೂ ಅರ್ಥವಿಲ್ಲ. ಅದು ಕೊಳೆ ಅಲ್ಲ, ಮಿದುಳು ಸದಾ ತಯಾರಿಸುತ್ತಿರುವ, ನಮಗೆ ಬೇಕೇಬೇಕಾದ ವಸ್ತು. ಫೋನ್ ಬಳಕೆ ಕಡಿಮೆ ಮಾಡುವುದು ಒಳ್ಳೆಯ ಅಭ್ಯಾಸ ಇರಬಹುದು, ಆದರೆ ಅದಕ್ಕೆ ಈ ಕಾರಣ ಬೇಕಿಲ್ಲ.

ಹಾಗಾದರೆ ಈ ಚಿತ್ರಗಳಿಂದ ಏನು ಉಪಯೋಗ?

ಬಹಳ ಉಪಯೋಗವಿದೆ. ಅದರಲ್ಲಿ ದೊಡ್ಡದೊಂದು ಹೆವೆಶಿ ನೆಲೆಸಿದ್ದ ಸ್ಟಾಕ್‌ಹೋಮ್‌ನಿಂದಲೇ ಬಂತು. ಸ್ಕಿಜೋಫ್ರೀನಿಯಾ ಕಾಯಿಲೆಗೆ ಕೊಡುವ ಹಲವು ಔಷಧಿಗಳು ಡಿ2 ಗ್ರಾಹಕಗಳನ್ನು ಮುಚ್ಚುತ್ತವೆ. ಎಷ್ಟು ಮುಚ್ಚಿದರೆ ಸಾಕು ಎಂಬುದನ್ನು ಬದುಕಿರುವ ರೋಗಿಯ ಮಿದುಳಿನಲ್ಲಿ ಅಳೆಯಲು ಮೊದಲು ದಾರಿ ಇರಲಿಲ್ಲ. ಡೋಸ್ ಏರಿಸಿದಾಗ ಕೆಲವರಿಗೆ ಕೈ ನಡುಕ, ಮೈ ಬಿಗಿತ, ಮುಖ ಮರಗಟ್ಟಿದಂತಾಗುವುದು ಶುರುವಾಗುತ್ತಿತ್ತು. ಕಾಯಿಲೆಗಿಂತ ಔಷಧಿಯೇ ಕಷ್ಟ ಎಂದು ಮಾತ್ರೆ ಬಿಟ್ಟವರೂ ಇದ್ದರು.

1980ರ ದಶಕದಲ್ಲಿ ಕರೋಲಿನ್‌ಸ್ಕಾ ಸಂಸ್ಥೆಯ ಲಾರ್ಸ್ ಫಾರ್ಡೆ, ಯೋರಾನ್ ಸೆಡ್ವಾಲ್ ಮತ್ತು ಸಂಗಡಿಗರು ಗುರುತು ಹಾಕಿದ ರ‍್ಯಾಕ್ಲೋಪ್ರೈಡ್ ಬಳಸಿ ರೋಗಿಗಳ ಮಿದುಳಿನಲ್ಲಿ ಎಷ್ಟು ಸೀಟುಗಳನ್ನು ಔಷಧಿ ಹಿಡಿದಿದೆ ಎಂದು ಎಣಿಸಿದರು. ಸಾಮಾನ್ಯ ಡೋಸ್‌ನಲ್ಲಿ ಅದು ಶೇಕಡ 65ರಿಂದ 85ರ ನಡುವೆ ಇತ್ತು. ಮುಂದಿನ ವರ್ಷಗಳ ಅಧ್ಯಯನಗಳಿಂದ ಹಲವು ಔಷಧಿಗಳ ಬಗ್ಗೆ ಒಂದು ಚಿತ್ರ ಸ್ಪಷ್ಟವಾಯಿತು. ಶೇಕಡ 65ರ ಆಸುಪಾಸಿನಲ್ಲಿ ಗುಣ ಕಾಣಿಸಲು ಶುರುವಾಗುತ್ತದೆ. ಶೇಕಡ 80 ದಾಟಿದರೆ ನಡುಕ, ಬಿಗಿತದ ಅಪಾಯ ಏರುತ್ತದೆ. ಕಡಿಮೆ ಡೋಸ್ ಸಾಕಾಗಬಹುದು ಎಂಬುದಕ್ಕೆ ಅಳತೆಯ ಆಧಾರ ಸಿಕ್ಕಿತು. ಇದು ಎಷ್ಟೋ ರೋಗಿಗಳ, ಅವರ ಮನೆಯವರ ದಿನನಿತ್ಯದ ಬದುಕಿಗೆ ತಟ್ಟುವ ವಿಷಯ. ಹಾಗೆಂದು ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ. ಮನೋವೈದ್ಯರ ಜೊತೆ ಮಾತಾಡಿಯೇ ಬದಲಿಸಬೇಕು.

ವಿಕಿರಣ ಮೈಯಲ್ಲೇ ಉಳಿಯುತ್ತದೆಯೇ?

ಪೆಟ್ ಸ್ಕ್ಯಾನ್ ಎಂದಾಗ ಅನೇಕರಿಗೆ ಈ ಭಯ ಇದ್ದೇ ಇರುತ್ತದೆ. ಕಾರ್ಬನ್-11ರ ಅರ್ಧಾಯುಷ್ಯ ಸುಮಾರು 20 ನಿಮಿಷ. ಅಂದರೆ ಪ್ರತಿ 20 ನಿಮಿಷಕ್ಕೆ ಅದು ಅರ್ಧಕ್ಕೆ ಇಳಿಯುತ್ತದೆ. ಎರಡು ಗಂಟೆಯಲ್ಲಿ ಆರು ಸಲ ಅರ್ಧವಾಗಿ 64ರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚು ಬಳಸುವ ಫ್ಲೋರಿನ್-18ಕ್ಕೆ ಇದು ಸುಮಾರು 110 ನಿಮಿಷ. ಚುಚ್ಚುವ ವಸ್ತುವಿನ ತೂಕ ಬಹಳ ಸಲ ಕೆಲವು ಮೈಕ್ರೋಗ್ರಾಂ ಮಾತ್ರ. ಗಂಟೆ ಭಾರವಾಗಬಾರದು ಎಂಬ ಹಳೆಯ ಷರತ್ತು ಇಲ್ಲಿಯೂ ಇದೆ.

ಅಪಾಯ ಸೊನ್ನೆ ಎಂದು ನಾವು ಹೇಳುವುದಿಲ್ಲ. ಸ್ವಲ್ಪ ವಿಕಿರಣ ಮೈಗೆ ತಾಗುತ್ತದೆ, ಆದ್ದರಿಂದಲೇ ಅಗತ್ಯವಿದ್ದಾಗ ಮಾತ್ರ ಈ ಸ್ಕ್ಯಾನ್ ಮಾಡುತ್ತಾರೆ. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಮೊದಲೇ ವೈದ್ಯರಿಗೆ ತಿಳಿಸಬೇಕು. ಕ್ಯಾನ್ಸರ್ ಪತ್ತೆಗೆ ವೈದ್ಯರು ಪೆಟ್ ಸ್ಕ್ಯಾನ್ ಬರೆದುಕೊಟ್ಟಿದ್ದರೆ, ವಿಕಿರಣದ ಭಯದಿಂದ ಅದನ್ನು ಮುಂದೂಡುವುದು ಹೆಚ್ಚಿನ ಅಪಾಯ.

ಮುಂದೆ ಮಿದುಳಿನ ಬಣ್ಣದ ಚಿತ್ರವೊಂದು ನಿಮ್ಮ ಫೋನಿಗೆ ಬಂದರೆ ಮೂರು ಪ್ರಶ್ನೆ ಕೇಳಿ. ಇಲ್ಲಿ ಗುರುತು ಹಾಕಿದ್ದು ಯಾವುದಕ್ಕೆ? ಅದು ಎಲ್ಲಿ ಹೋಗಿ ನಿಂತಿದೆ? ಅಲ್ಲಿ ನಿಲ್ಲಲು ಬೇರೆ ಯಾವ ಕಾರಣಗಳು ಇರಬಹುದು? ಈ ಮೂರಕ್ಕೂ ಉತ್ತರ ಕೊಡದೆ ಬರೀ ಬಣ್ಣ ತೋರಿಸುವ ಪೋಸ್ಟ್‌ಗಳನ್ನು ಫಾರ್ವರ್ಡ್ ಮಾಡದೆ ಬಿಡಿ. ಸೀಸದ ರಾಶಿಯ ಮುಂದೆ ಕೂತ ಹೆವೆಶಿ ಎರಡು ವರ್ಷಗಳ ಕೊನೆಗೆ ಕೇಳಿಕೊಂಡದ್ದೂ ಇಂಥವೇ ಪ್ರಶ್ನೆಗಳನ್ನು.